ದನದ ತೊಟ್ಟಿಯ ನಲ್ಲಿ
(ಗ್ರಾಮಸಭೆಯಲ್ಲಿ ಮಾಡಿದ ಭಾಷಣ)



ನಾನು ಎದ್ದು ನಿಂತೊಡನೆ ಬಿತ್ತನೆ ಬೀಜದ ವಿಷಯ, ಇಲ್ಲವೇ ಗೊಬ್ಬರದ ವಿಷಯ ಬರುವುದೆಂದು ತಾವು ಎಣಿಸಿರಬಹುದು. ನಾನು ಓದಿರುವುದೂ ವ್ಯವಸಾಯದ ಡಿಪ್ಲೊಮಾ. ನಲ್ಲಿ ಬಿಚ್ಚುವುದನ್ನು ಅಲ್ಲಿ ಯಾರೂ ಹೇಳಿಕೊಡಲಿಲ್ಲ. ಅದನ್ನು ನಾನು ಕಲಿತದ್ದು ನೀರುಗಂಟಿಗಳ ಹಿಂದೆ ತಿರುಗಿ, ಮತ್ತು ಒಂದು ಊರಿನಲ್ಲಿ ಕೆಡಿಸಿ. ಆ ಕೆಡಿಸಿದ ಕಥೆಯನ್ನು ಆಮೇಲೆ ಹೇಳುತ್ತೇನೆ. ಈ ದಿನ ಹೇಳಬೇಕಾಗಿರುವುದು ದನಗಳ ತೊಟ್ಟಿಯ ಮೇಲಿರುವ ನಲ್ಲಿಯ ವಿಷಯ. ಬೇಸಗೆ ಮುಂದಿದೆ, ಕೆರೆ ಬತ್ತಿದ ಮೇಲೆ ದನಕರುಗಳಿಗೆಲ್ಲ ಅದೊಂದೇ ಗತಿ.

ಮೊದಲು ಒಂದು ಕೊಡ ನೀರಿನ ಸಂಗತಿ ಕೇಳಿ. ನಮ್ಮ ಕಡೆಯ ಒಂದು ಊರಿನಲ್ಲಿ, ಹೆಸರು ಬೇಡ, ಒಬ್ಬ ತಾಯಿ ಬೆಳಗ್ಗೆ ನಲ್ಲಿಯಿಂದ ಹಿಡಿದ ಕೊಡವನ್ನು ನನ್ನ ಮುಂದೆ ತಂದಿಟ್ಟರು. ನೀರಿನ ಮೇಲೆ ಹುಲ್ಲಿನ ಎಸಳುಗಳು ತೇಲುತ್ತಿದ್ದುವು. “ನೋಡಪ್ಪಾ, ಟ್ಯಾಂಕಿನಾಗೆ ಯಾರೋ ಹುಲ್ಲು ಹಾಕವ್ರೆ” ಎಂದರು. ಟ್ಯಾಂಕು ಹತ್ತಿ ನೋಡಿದೆವು. ಮುಚ್ಚಳ ಭದ್ರವಾಗಿತ್ತು, ಒಳಗಿನ ನೀರು ತಿಳಿಯಾಗಿತ್ತು. ಮೇಲಿನ ಬೀದಿಯ ಮನೆಗಳಲ್ಲಿ ವಿಚಾರಿಸಿದರೆ ಅಲ್ಲಿ ಹುಲ್ಲು ಬಂದಿರಲಿಲ್ಲ. ಕೆಳಗಿನ ಬೀದಿಯಲ್ಲಿ ಮಾತ್ರ ನಾಲ್ಕು ಮನೆಗೆ ಬಂದಿತ್ತು. ಹಾಗಾದರೆ ಹುಲ್ಲು ಹೊಕ್ಕಿರುವುದು ಟ್ಯಾಂಕಿನಲ್ಲಲ್ಲ. ಟ್ಯಾಂಕಿಗೂ ಕೆಳಗಿನ ಬೀದಿಗೂ ನಡುವೆ ಎಲ್ಲೋ. ಆ ಕೊಳವೆಯ ಜಾಡು ಹಿಡಿದು ನಡೆದು ಬಂದರೆ ನಡುವೆ ಸಿಕ್ಕಿದ್ದು ದನದ ತೊಟ್ಟಿ. ಅದರ ನಲ್ಲಿಗೆ ಒಂದು ರಬ್ಬರು ಪೈಪು ಸಿಕ್ಕಿಸಿ, ತುದಿಯನ್ನು ತೊಟ್ಟಿಯ ನೀರಿನೊಳಗೆ ಬಿಟ್ಟಿದ್ದರು. ನೀರು ಚೆಲ್ಲದಿರಲೆಂಬ ಒಳ್ಳೆಯ ಉದ್ದೇಶದಿಂದಲೇ ಹಾಗೆ ಮಾಡಿದ್ದರು.

ಆದದ್ದು ಇಷ್ಟು. ರಾತ್ರಿ ತೊಟ್ಟಿ ತುಂಬಲೆಂದು ಆ ನಲ್ಲಿಯನ್ನು ತೆರೆದು ಬಿಟ್ಟಿದ್ದರು. ಕರೆಂಟು ಹೋಗಿ ಪಂಪು ನಿಂತಿತು, ಟ್ಯಾಂಕಿನ ನೀರು ಮುಗಿಯಿತು. ಕೊಳವೆಯಲ್ಲಿ ಒತ್ತಡವಿಲ್ಲ. ತಗ್ಗಿನ ಬೀದಿಯಲ್ಲಿ ಬೆಳಗ್ಗೆ ಯಾರೋ ನಲ್ಲಿ ತಿರುಗಿಸಿದರು. ಕೊಳವೆಯೊಳಗೆ ಉಳಿದಿದ್ದ ನೀರು ಇಳಿಜಾರಿಗೆ ಜಾರಿತು, ಜಾರುತ್ತಾ ಹಿಂದಿನದನ್ನು ಎಳೆದುಕೊಂಡಿತು. ದನಗಳು ಮೂತಿಯಿಟ್ಟ ತೊಟ್ಟಿಯ ನೀರು ರಬ್ಬರು ಪೈಪಿನ ಮೂಲಕ ಹಿಂದಕ್ಕೆ ಹೊಕ್ಕು, ಕೆಳಗಿನ ಮನೆಯ ಕೊಡಕ್ಕೆ ಬಂದು ಬಿದ್ದಿತು. ಹುಲ್ಲಾದುದರಿಂದ ಆ ತಾಯಿಯ ಕಣ್ಣಿಗೆ ಕಂಡಿತು. ಸಗಣಿಯ ನೀರು ತೆಳ್ಳಗೆ ಬೆರೆತಿದ್ದರೆ ಕಾಣುತ್ತಿರಲಿಲ್ಲ. ವಾಂತಿಭೇದಿಯಾಗಿ ಮಕ್ಕಳು ಮಲಗಿದ ಮೇಲೆ ತಿಳಿಯುತ್ತಿತ್ತು.

ಇದನ್ನು ಕಂಡ ಮೇಲೆ ಸೋರುವ ನಲ್ಲಿಯನ್ನು ನಾನು ನೋಡುವ ರೀತಿಯೇ ಬದಲಾಯಿತು. ನೀರು ಹೊರಕ್ಕೆ ಬರುವ ಸಂದಿನಲ್ಲೇ, ಒತ್ತಡ ಹೋದ ಹೊತ್ತಿನಲ್ಲಿ, ಹೊರಗಿನ ಕೊಳೆ ಒಳಕ್ಕೆ ಹೋಗುತ್ತದೆ. ನಮ್ಮ ಊರುಗಳಲ್ಲಿ ಇಪ್ಪತ್ತನಾಲ್ಕು ಗಂಟೆಯೂ ನೀರು ಬಿಡುವುದಿಲ್ಲ. ಬೆಳಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು. ಉಳಿದ ಹೊತ್ತೆಲ್ಲ ಕೊಳವೆ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ. ತೊಟ್ಟಿಯ ಸುತ್ತಮುತ್ತ ಸಗಣಿ, ಗಂಜಲ, ಕೆಸರು. ಊರಿನಲ್ಲಿ ಯಾವ ನಲ್ಲಿಯನ್ನು ಮೊದಲು ದುರಸ್ತಿ ಮಾಡಬೇಕೆಂದು ಕೇಳಿದರೆ, ಶಾಲೆಯ ನಲ್ಲಿಗಿಂತಲೂ ಮೊದಲು ದನದ ತೊಟ್ಟಿಯ ನಲ್ಲಿ ಎಂದು ನಾನು ಹೇಳುವುದು ಇದಕ್ಕೆ.

ಆದುದರಿಂದ ದುರಸ್ತಿಗೆ ಮುಂಚೆಯೇ ಒಂದು ಕೆಲಸ. ನಲ್ಲಿಯ ಮೂತಿ ತೊಟ್ಟಿಯ ಅಂಚಿಗಿಂತ ಮೇಲಿರಬೇಕು. ತೊಟ್ಟಿಯ ನೀರಿಗಿಂತ ಮೇಲೆಂದಲ್ಲ, ಅಂಚಿಗಿಂತ ಮೇಲೆ. ಏಕೆಂದರೆ ತುಂಬಿ ತುಳುಕಿದಾಗ ನೀರು ಅಂಚಿನವರೆಗೂ ಬರುತ್ತದೆ. ಕೊಳವೆಯ ವ್ಯಾಸದ ಎರಡರಷ್ಟಾದರೂ ಅಂತರವಿರಬೇಕೆಂಬುದು ನಿಯಮ. ಅರ್ಧ ಅಂಗುಲದ ನಲ್ಲಿಗೆ ಅದು ಒಂದೇ ಅಂಗುಲವಾಗುತ್ತದೆ. ನಾನು ಒಂದು ಗೇಣು ಬಿಡಿ ಎನ್ನುತ್ತೇನೆ, ಅಳೆಯಲು ಕೈಯೇ ಸಾಕು. ರಬ್ಬರು ಪೈಪನ್ನು ಸಿಕ್ಕಿಸಲೇಬೇಕಾದರೆ ಕೆಲಸ ಮುಗಿದೊಡನೆ ತೆಗೆದು ಸುತ್ತಿಡಿ.

ಈಗ ನಲ್ಲಿಯ ಒಳಗೆ ಏನಿದೆಯೆಂದು ನೋಡೋಣ. ತಿರುಪು ನಲ್ಲಿಯ ಮಾತನ್ನೇ ಹೇಳುತ್ತೇನೆ; ನಮ್ಮ ತೊಟ್ಟಿಗಳಲ್ಲಿ ಇನ್ನೂ ಹೆಚ್ಚಾಗಿರುವುದು ಅದೇ. ಮೇಲೆ ಹಿಡಿ. ಹಿಡಿಯ ಕೆಳಗೆ ಸ್ಪಿಂಡಲ್ಲು, ಅಂದರೆ ಮರೆಯಿರುವ ಹಿತ್ತಾಳೆಯ ಕಡ್ಡಿ. ಸ್ಪಿಂಡಲ್ಲಿನ ತುದಿಯಲ್ಲಿ ವಾಷರು ಹಿಡಿದಿರುವ ಒಂದು ಸಣ್ಣ ಹಿತ್ತಾಳೆ ತುಂಡು. ಅದರ ಕೆಳಗೆ, ನಲ್ಲಿಯ ಮೈಯೊಳಗೇ, ವಾಷರು ಕೂರುವ ಪೀಠ. ಹಿಡಿ ತಿರುಗಿಸಿದರೆ ಸ್ಪಿಂಡಲ್ಲು ಇಳಿದು ವಾಷರನ್ನು ಪೀಠದ ಮೇಲೆ ಒತ್ತುತ್ತದೆ, ನೀರು ನಿಲ್ಲುತ್ತದೆ. ಸ್ಪಿಂಡಲ್ಲಿನ ಸುತ್ತ ನೀರು ಮೇಲಕ್ಕೆ ಒಸರದಂತೆ ನೂಲಿನ ಪ್ಯಾಕಿಂಗು. ಅದನ್ನು ಅದುಮಿ ಹಿಡಿಯಲು ಗ್ಲ್ಯಾಂಡ್ ನಟ್ಟು. ಇಷ್ಟೇ ಇರುವುದು. ಎತ್ತಿನ ಗಾಡಿಯ ಗಾಲಿಯಲ್ಲಿ ಇದಕ್ಕಿಂತ ಹೆಚ್ಚು ಭಾಗಗಳಿವೆ.

ನೀರು ಎಲ್ಲಿಂದ ಸೋರುತ್ತದೆ, ಯಾವಾಗ ಸೋರುತ್ತದೆ ಎಂಬುದನ್ನು ನೋಡಿದರೆ ಕೆಟ್ಟಿರುವ ಭಾಗ ಯಾವುದೆಂದು ಬಿಚ್ಚದೆಯೇ ತಿಳಿಯುತ್ತದೆ. ನಲ್ಲಿ ಮುಚ್ಚಿದರೂ ಮೂತಿಯಿಂದ ತೊಟ್ಟಿಕ್ಕುತ್ತಿದ್ದರೆ ವಾಷರು ಸವೆದಿದೆ. ಮುಚ್ಚಿದಾಗ ಸುಮ್ಮನಿದ್ದು, ತೆರೆದಾಗ ಮಾತ್ರ ಹಿಡಿಯ ಬುಡದಿಂದ ಒಸರಿದರೆ ಪ್ಯಾಕಿಂಗು ಹೋಗಿದೆ. ಹಿಡಿ ಎಷ್ಟು ತಿರುಗಿಸಿದರೂ ಸುಮ್ಮನೆ ತಿರುಗುತ್ತಲೇ ಇದ್ದರೆ ಸ್ಪಿಂಡಲ್ಲಿನ ಮರೆ ಸವೆದಿದೆ. ಅದಕ್ಕೆ ಹೊಸ ನಲ್ಲಿಯೇ ಮದ್ದು. ಹಿಡಿ ಸರಿಯಾಗಿ ಮೇಲೇಳುತ್ತದೆ, ಪಕ್ಕದ ನಲ್ಲಿಯಲ್ಲಿ ನೀರಿದೆ, ಇದರಲ್ಲಿ ಮಾತ್ರ ಇಲ್ಲವೆಂದರೆ, ಒಳಗಿನ ವಾಷರು ತುಂಡು ಪೀಠಕ್ಕೆ ಕಚ್ಚಿಕೊಂಡು ಕೂತಿರುತ್ತದೆ. ಬಹಳ ದಿನ ಮುಚ್ಚಿದ್ದ ನಲ್ಲಿಯಲ್ಲಿ ಹೀಗಾಗುವುದುಂಟು. ಮರದ ತುಂಡಿನಿಂದ ನಲ್ಲಿಯ ಮೈಗೆ ಮೆಲ್ಲಗೆ ತಟ್ಟಿ ನೋಡಿ, ಬಿಡದಿದ್ದರೆ ಬಿಚ್ಚಬೇಕು.

ಯಾವ ನಲ್ಲಿಯಲ್ಲೂ ನೀರಿಲ್ಲವೆಂದರೆ ನಲ್ಲಿಯನ್ನು ಮುಟ್ಟುವ ಕೆಲಸವೇ ಇಲ್ಲ. ಟ್ಯಾಂಕು, ಗೇಟ್‌ವಾಲ್ವು, ಕೊಳವೆ, ಈ ಮೂರನ್ನು ನೋಡಬೇಕು. ನೀರು ನಿಂತು ಮತ್ತೆ ಬಿಟ್ಟಾಗ ಏರಿನ ಜಾಗದಲ್ಲಿ ಗಾಳಿ ಸಿಕ್ಕಿಕೊಂಡು ತಡೆಯುವುದೂ ಉಂಟು. ಎಲ್ಲಕ್ಕಿಂತ ಎತ್ತರದ ನಲ್ಲಿಯನ್ನು ತೆರೆದಿಟ್ಟು ಬುಸ್ಸೆಂದು ಗಾಳಿ ಹೋಗುವವರೆಗೆ ಕಾಯಿರಿ.

ಇನ್ನು ನಾನು ಕೆಡಿಸಿದ ಕಥೆ. ಒಂದು ಊರಿನ ತೊಟ್ಟಿಯ ನಲ್ಲಿ ಹಿಡಿಯ ಬುಡದಲ್ಲಿ ಒಸರುತ್ತಿತ್ತು. ಗ್ಲ್ಯಾಂಡ್ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದರೆ ಸಾಲುತ್ತಿತ್ತು. ನನ್ನ ಕೈಯಲ್ಲಿ ಉದ್ದನೆಯ ಸ್ಪಾನರು ಇತ್ತು, ಸುತ್ತಲೂ ಹತ್ತು ಜನ ನೋಡುತ್ತಿದ್ದರು. ನಾನು ಒಂದು ಸುತ್ತು ಪೂರ್ತಿ ಬಿಗಿದೆ. ಒಸರುವುದು ನಿಂತಿತು, ಎಲ್ಲರೂ ಭೇಷ್ ಎಂದರು. ಆದರೆ ಹಿಡಿ ಕಲ್ಲಿನಂತೆ ಗಟ್ಟಿಯಾಗಿ ಬಿಟ್ಟಿತ್ತು. ಸಂಜೆ ಎಮ್ಮೆ ಹೊಡೆದುಕೊಂಡು ಬಂದ ಹುಡುಗ ಕೈಯಲ್ಲಿ ತಿರುಗಿಸಿ ನೋಡಿ, ಆಗದೆ, ಹಿಡಿಗೆ ಒಂದು ಕಬ್ಬಿಣದ ಕೊಳವೆ ತುಂಡನ್ನು ಸಿಕ್ಕಿಸಿ ಮೀಟಿದ. ಸ್ಪಿಂಡಲ್ಲು ಮುರಿಯಿತು. ಅಷ್ಟಕ್ಕೇ ಮುಗಿಯಲಿಲ್ಲ, ಸ್ಪಿಂಡಲ್ಲು ಕಿತ್ತು ಬಂದ ಜಾಗದಿಂದ ನೀರು ಆಳೆತ್ತರ ಚಿಮ್ಮತೊಡಗಿತು.

ತೊಟ್ಟಿಗೆ ಹೋಗುವ ಕವಲಿಗೆ ಬೇರೆ ಗೇಟ್‌ವಾಲ್ವು ಇತ್ತು, ಅದನ್ನು ಮುಚ್ಚಿದ್ದರೆ ಆಗುತ್ತಿತ್ತು. ಆದರೆ ಅದು ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಒಂದು ತಿಪ್ಪೆಯ ಕೆಳಗೆ ಹೂತು ಹೋಗಿತ್ತೆಂದು ಮರುದಿನ ತಿಳಿಯಿತು. ಟ್ಯಾಂಕಿನ ಬುಡದಲ್ಲೇ ನೀರು ನಿಲ್ಲಿಸಬೇಕಾಯಿತು. ಆ ರಾತ್ರಿ ಊರಿಗೆಲ್ಲ ನೀರಿಲ್ಲ. ಮಾರನೆಯ ದಿನ ಹಬ್ಬ, ಪೇಟೆಯ ಅಂಗಡಿ ಬಾಗಿಲು ಹಾಕಿತ್ತು. ಎರಡು ದಿನ ದನಗಳನ್ನು ಒಂದೂವರೆ ಮೈಲಿ ದೂರದ ಗೋಕಟ್ಟೆಗೆ ಹೊಡೆದುಕೊಂಡು ಹೋದರು, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ. ಕರು ಹಾಕಿ ವಾರವಾಗಿದ್ದ ಒಂದು ಹಸು ಅಷ್ಟು ದೂರ ನಡೆಯಲಾರದೆ ನಿಂತುಬಿಟ್ಟಿತು. ಅದಕ್ಕೆ ಮನೆಯವರು ತಮ್ಮ ಕುಡಿಯುವ ಕೊಡಗಳನ್ನೇ ಸುರಿದರು. ಆ ಮನೆಯ ಅಜ್ಜಿ ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. “ಹನಿ ನಿಲ್ಸೋಕೆ ಬಂದೋನು ಹೊಳೇನೇ ಹರಿಸ್‌ಬುಟ್ಯಲ್ಲಪ್ಪ!” ನಾನು “ತಪ್ಪಾಯ್ತಜ್ಜಿ” ಎಂದೆ. ಬೇರೆ ಏನು ಹೇಳಲಿ?

ಆ ಹುಡುಗನ ತಪ್ಪೇನೂ ಇರಲಿಲ್ಲ. ನಲ್ಲಿಯನ್ನು ಮುಟ್ಟುವ ಮೊದಲು ನಾನು ಎರಡು ಕೆಲಸ ಮಾಡಬೇಕಾಗಿತ್ತು. ಈ ನಲ್ಲಿಗೆ ನೀರು ನಿಲ್ಲಿಸುವ ವಾಲ್ವು ಎಲ್ಲಿದೆಯೆಂದು ಹುಡುಕುವುದು ಒಂದು. ಅದು ನಿಜವಾಗಿ ಮುಚ್ಚುತ್ತದೆಯೇ ಎಂದು ತಿರುಗಿಸಿ ನೋಡುವುದು ಇನ್ನೊಂದು. ವರ್ಷಗಟ್ಟಲೆ ಮುಟ್ಟದ ಗೇಟ್‌ವಾಲ್ವು ತುಕ್ಕು ಹಿಡಿದು ಅರ್ಧದಲ್ಲೇ ನಿಲ್ಲುತ್ತದೆ. ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ಪೂರ್ತಿ ತೆರೆದರೆ ಅದು ಕೈಗೆ ಬರುತ್ತಿರುತ್ತದೆ. ಈಗ ನಾನು ಯಾವ ಊರಿಗೆ ಹೋದರೂ ವಾಲ್ವಿನ ಗುಂಡಿಯ ಮೇಲಿನ ಮಣ್ಣು ತೆಗೆಸಿ, ಪಕ್ಕದ ಗೋಡೆಯ ಮೇಲೆ ಬಣ್ಣದಲ್ಲಿ ಒಂದು ಬಾಣದ ಗುರುತು ಹಾಕಿಸಿ, ಎಷ್ಟು ಅಡಿ ದೂರವೆಂದು ಬರೆಸುತ್ತೇನೆ. ತಿಪ್ಪೆ ಹಾಕುವವರು ದಯವಿಟ್ಟು ಆ ಬಾಣವನ್ನು ನೋಡಿ ಹಾಕಿ.

ಪ್ಯಾಕಿಂಗು ಹೊಸದಾಗಿ ಸುತ್ತಬೇಕಾದರೆ ಹೀಗೆ ಮಾಡಿ. ವಾಲ್ವು ಮುಚ್ಚಿ, ಹಿಡಿ ತೆಗೆದು, ಗ್ಲ್ಯಾಂಡ್ ನಟ್ಟನ್ನು ಬಿಚ್ಚಿ ಮೇಲಕ್ಕೆ ಸರಿಸಿ. ಹಳೆಯ ಪ್ಯಾಕಿಂಗನ್ನು ದಬ್ಬಳದ ತುದಿಯಿಂದ ಕೆದಕಿ ಪೂರ್ತಿ ತೆಗೆಯಿರಿ. ಹತ್ತಿಯ ದಪ್ಪ ನೂಲಿಗೆ ವ್ಯಾಸಲೀನು ಇಲ್ಲವೇ ಅಡಿಗೆ ಎಣ್ಣೆ ಸವರಿ, ನಟ್ಟು ಬಿಗಿಯಾಗುವ ಕಡೆಗೇ, ಅಂದರೆ ಗಡಿಯಾರದ ಮುಳ್ಳು ತಿರುಗುವ ಕಡೆಗೆ, ನಾಲ್ಕೈದು ಸುತ್ತು ಸುತ್ತಿ. ಎದುರು ಸುತ್ತಿದರೆ ನಟ್ಟು ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಟ್ರ್ಯಾಕ್ಟರಿನ ಗ್ರೀಸನ್ನು ಮಾತ್ರ ಹಚ್ಚಬೇಡಿ. ಇದು ಕುಡಿಯುವ ನೀರಿನ ಕೊಳವೆ. ನಟ್ಟನ್ನು ಮೊದಲು ಕೈಯಲ್ಲಿ ಕೂರಿಸಿ, ಆಮೇಲೆ ಸ್ಪಾನರಿನಿಂದ ಕಾಲು ಸುತ್ತು. ನೀರು ಬಿಟ್ಟು ನೋಡಿ, ಒಸರಿದರೆ ಇನ್ನೊಂದು ಕಾಲು ಸುತ್ತು. ಎಂಟು ವರ್ಷದ ಮಗು ಒಂದೇ ಕೈಯಲ್ಲಿ ತಿರುಗಿಸುವಂತಿದ್ದರೆ ಸರಿಯಾಗಿದೆ ಎಂದರ್ಥ.

ವಾಷರು ಬದಲಿಸುವುದು ಇದಕ್ಕಿಂತ ಸುಲಭ. ನಲ್ಲಿಯನ್ನು ಅರ್ಧ ತೆರೆದಿಟ್ಟು ತಲೆಯ ದೊಡ್ಡ ನಟ್ಟನ್ನು ಬಿಚ್ಚಿ. ಹಾಗೆ ಬಿಚ್ಚುವಾಗ ನಲ್ಲಿಯ ಮೈಯನ್ನು ಇನ್ನೊಂದು ಸ್ಪಾನರಿನಿಂದ ಹಿಡಿದುಕೊಳ್ಳಿ. ಹಿಡಿಯದಿದ್ದರೆ ನಲ್ಲಿಯ ಜತೆಗೆ ಕೊಳವೆಯೂ ತಿರುಗಿ, ನೆಲದೊಳಗಿನ ಎಲ್ಬೋ ಬಿರುಕು ಬಿಡುತ್ತದೆ. ಒಂದು ಸಣ್ಣ ದುರಸ್ತಿಗೆ ಹೋಗಿ ನೆಲ ಅಗೆಯುವ ಕೆಲಸ ಬರುತ್ತದೆ. ಹೊಸ ವಾಷರು ಹಾಕುವ ಮುಂಚೆ ಬೆರಳನ್ನು ಒಳಗೆ ಬಿಟ್ಟು ಪೀಠವನ್ನು ಸವರಿ ನೋಡಿ. ನುಣ್ಣಗಿದ್ದರೆ ಸರಿ. ಗೀರುಗಳಿದ್ದರೆ ಹೊಸ ವಾಷರು ಹೆಚ್ಚು ದಿನ ಬಾಳುವುದಿಲ್ಲ. ಮರಳು ಬರುವ ಬೋರ್‌ವೆಲ್ಲಿನ ನೀರಿನಲ್ಲಿ ಇಂಥ ಗೀರು ಬೇಗ ಬೀಳುತ್ತದೆ. ಸೈಕಲ್ಲಿನ ಟ್ಯೂಬು ಕತ್ತರಿಸಿ ವಾಷರು ಮಾಡುವುದನ್ನು ಅನೇಕ ಊರಲ್ಲಿ ಕಂಡಿದ್ದೇನೆ. ತುರ್ತಿಗೆ ಒಂದು ದಿನ ಆದೀತು. ತೆಳುವಾದ ರಬ್ಬರು ಮಡಿಸಿಕೊಂಡು ಹೋಗುತ್ತದೆಂದು ಜನ ಇನ್ನೂ ಬಿಗಿಯಾಗಿ ತಿರುಗಿಸುತ್ತಾರೆ, ಪೀಠ ಕೆಡುತ್ತದೆ. ವಾಷರಿನ ಬೆಲೆ ಕೆಲವೇ ರೂಪಾಯಿ. ಹತ್ತನ್ನು ಒಟ್ಟಿಗೆ ತಂದು ಡಬ್ಬಿಯಲ್ಲಿಟ್ಟುಕೊಳ್ಳಿ.

ಒಂದು ಹನಿ ಸೋರಿದರೆ ಏನು ಮಹಾ ಎನ್ನುವವರಿಗೆ ಒಂದು ಪರೀಕ್ಷೆ ಹೇಳುತ್ತೇನೆ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಗಂಟೆ ಪಾತ್ರೆಯಿಟ್ಟು ಅಳೆಯಿರಿ. ಒಂದು ಲೀಟರು ತುಂಬಿದರೆ ದಿನಕ್ಕೆ 24 ಲೀಟರು. ಕೊಳವೆಯಲ್ಲಿ ತೂತೇ ಬಿದ್ದಿದ್ದರೆ ಲೆಕ್ಕ ಬೇರೆ. ಟ್ಯಾಂಕಿನ ನೀರು 10 ಮೀಟರು ಎತ್ತರದಲ್ಲಿದ್ದು, ಕೊಳವೆಯಲ್ಲಿ 3 ಮಿಲಿಮೀಟರಿನ ತೂತಿದ್ದರೆ, ಜೋಳದ ಕಾಳಿಗಿಂತ ಚಿಕ್ಕದು ಅದು, ಗಂಟೆಗೆ ಸುಮಾರು 200 ಲೀಟರು ಹೋಗುತ್ತದೆ. ಹಗಲಿರುಳೂ ಒತ್ತಡವಿದ್ದರೆ ದಿನಕ್ಕೆ ಸುಮಾರು 5,000 ಲೀಟರು. 2019ರ ಆಗಸ್ಟ್ 15ರಂದು ಪ್ರಕಟವಾದ ಜಲ ಜೀವನ್ ಮಿಷನ್ನಿನಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರು ಎಂದು ಗೊತ್ತುಮಾಡಿದ್ದಾರೆ. ಆ ಒಂದು ತೂತು ತೊಂಬತ್ತು ಜನರ ಪಾಲನ್ನು ಕುಡಿಯಿತು. ದನಗಳ ಲೆಕ್ಕದಲ್ಲಿ ನೋಡಿದರೆ, ಬೆಳೆದ ಹಸುವೊಂದು ದಿನಕ್ಕೆ 40ರಿಂದ 60 ಲೀಟರು ಕುಡಿಯುತ್ತದೆ. ಹಾಲು ಕರೆಯುವ ಹಸುವಿಗೆ ಬೇಸಗೆಯಲ್ಲಿ ಅದಕ್ಕಿಂತ ಹೆಚ್ಚು ಬೇಕು. ನೀರು ಸಾಲದ ದಿನ ಹಾಲು ಇಳಿಯುವುದನ್ನು ಡೇರಿಗೆ ಹಾಲು ಹಾಕುವ ತಾಯಂದಿರು ನನಗಿಂತ ಚೆನ್ನಾಗಿ ಬಲ್ಲರು.

ನೆಲದೊಳಗಿನ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹಿಡಿಯಲು ರಾತ್ರಿಯೇ ಒಳ್ಳೆಯ ಹೊತ್ತು. ಎಲ್ಲ ನಲ್ಲಿಗಳನ್ನೂ ಮುಚ್ಚಿಸಿ, ಪಂಪು ನಿಲ್ಲಿಸಿ, ಹತ್ತು ಗಂಟೆಗೆ ಟ್ಯಾಂಕಿನೊಳಗೆ ತೊಳೆದ ಕೋಲನ್ನು ಬಿಟ್ಟು ನೀರಿನ ಮಟ್ಟ ಗುರುತು ಹಾಕಿ. ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ನೋಡಿ. ಒಳಗಡೆ ಎರಡು ಮೀಟರು ಉದ್ದ, ಎರಡು ಮೀಟರು ಅಗಲವಿರುವ ಟ್ಯಾಂಕಾದರೆ ಒಂದು ಸೆಂಟಿಮೀಟರು ಇಳಿದರೆ 40 ಲೀಟರು ಹೋಯಿತೆಂದು ಲೆಕ್ಕ. ಹದಿನೈದು ಸೆಂಟಿಮೀಟರು ಇಳಿದಿದ್ದರೆ ಆರು ಗಂಟೆಯಲ್ಲಿ 600 ಲೀಟರು. ಮರುರಾತ್ರಿ ಟ್ಯಾಂಕಿನ ಬುಡದ ವಾಲ್ವನ್ನೇ ಮುಚ್ಚಿ ನೋಡಿ. ಆಗಲೂ ಇಳಿದರೆ ಸೋರುತ್ತಿರುವುದು ಟ್ಯಾಂಕೇ. ಇಳಿಯದಿದ್ದರೆ ಕವಲು ಕವಲಾಗಿ ವಾಲ್ವು ಮುಚ್ಚುತ್ತಾ ಬನ್ನಿ. ಯಾವ ಕವಲು ಮುಚ್ಚಿದಾಗ ಇಳಿಯುವುದು ನಿಂತಿತೋ ದೋಷ ಅಲ್ಲಿದೆ.

ಆ ಕವಲಿನಲ್ಲಿ ಎಲ್ಲಿ ಅಗೆಯಬೇಕೆಂಬುದಕ್ಕೆ ನನಗೆ ಒಬ್ಬ ನೀರುಗಂಟಿ ಎರಡು ಉಪಾಯ ಹೇಳಿಕೊಟ್ಟರು. ಒಂದು, ನಡುಬೇಸಗೆಯ ಮಧ್ಯಾಹ್ನ ಬೀದಿ ನಾಯಿ ಎಲ್ಲಿ ಮಲಗುತ್ತದೆಂದು ನೋಡುವುದು. ನೆಲ ತಂಪಿರುವ ಜಾಗ ಅದಕ್ಕೆ ಗೊತ್ತು. ನಾನು ನಕ್ಕೆ, ಅವರು ತೋರಿಸಿದ ಜಾಗದಲ್ಲಿ ಅಗೆದಾಗ ಒಡೆದ ಸಾಕೆಟ್ಟು ಸಿಕ್ಕಿತು. ಇನ್ನೊಂದು, ನಿಶ್ಶಬ್ದವಾದ ರಾತ್ರಿಯಲ್ಲಿ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ವಾಲ್ವಿನ ಮೇಲಿಟ್ಟು ಇನ್ನೊಂದು ತುದಿಗೆ ಕಿವಿಗೊಡುವುದು. ಹತ್ತಿರದಲ್ಲಿ ಸೋರುತ್ತಿದ್ದರೆ ಹಾವು ಬುಸುಗುಟ್ಟಿದಂತೆ ಕೇಳಿಸುತ್ತದೆ. ಕಬ್ಬಿಣದ ಕೊಳವೆಯಲ್ಲಿ ಈ ಶಬ್ದ ದೂರದವರೆಗೂ ಬರುತ್ತದೆ, ಪಿ.ವಿ.ಸಿ.ಯಲ್ಲಿ ಅಷ್ಟು ಬರುವುದಿಲ್ಲ.

ತೊಟ್ಟಿಯ ಬಳಿ ಕೊಳವೆ ಒಡೆಯುವುದಕ್ಕೆ ಬಹುಮಟ್ಟಿಗೆ ದನಗಳೇ ಕಾರಣ. ಎಮ್ಮೆಗೆ ಮೈ ಕಡಿದರೆ ಅದು ನಲ್ಲಿಯ ಕೊಳವೆಗೇ ತಿಕ್ಕಿಕೊಳ್ಳುತ್ತದೆ. ಮೇಲೆ ಅಲ್ಲಾಡಿದ್ದು ನೆಲದೊಳಗಿನ ಎಲ್ಬೋದಲ್ಲಿ ಮುರಿಯುತ್ತದೆ. ಇದಕ್ಕೆ ಕೊಳವೆಯ ಪಕ್ಕದಲ್ಲಿ ಒಂದು ಕಲ್ಲುಕಂಬ ನೆಟ್ಟು, ಎರಡು ಕಡೆ ಕಬ್ಬಿಣದ ಪಟ್ಟಿ ಹಾಕಿ ಬಿಗಿಯಿರಿ. ಎಮ್ಮೆ ತಿಕ್ಕಿಕೊಳ್ಳಲು ಸ್ವಲ್ಪ ದೂರದಲ್ಲಿ ಇನ್ನೊಂದು ಕಲ್ಲು ನೆಟ್ಟರೆ ಇನ್ನೂ ಮೇಲು, ಅದಕ್ಕೂ ಬೇಕಲ್ಲ. ನೆಲದ ಮೇಲೆ ಬರುವ ಭಾಗ ಜಿ.ಐ. ಕೊಳವೆಯೇ ಆಗಿರಲಿ. ಪಿ.ವಿ.ಸಿ. ಬಿಸಿಲಿಗೆ ಬಿದ್ದರೆ ಕೆಲವು ವರ್ಷಗಳಲ್ಲಿ ಪೆಡಸಾಗಿ, ಕೊಂಬು ತಗುಲಿದರೆ ಸಾಕು, ಸೀಳುತ್ತದೆ. ಒಡೆದ ಜಾಗಕ್ಕೆ ಟ್ಯೂಬಿನ ಪಟ್ಟಿ ಸುತ್ತಿ ತಂತಿ ಬಿಗಿಯುವುದು ಒಂದು ರಾತ್ರಿಯ ಮಾತು; ಅದನ್ನೇ ವರ್ಷಗಟ್ಟಲೆ ಬಿಟ್ಟಿರುವ ಊರುಗಳಿವೆ. ಒತ್ತಡ ಹೋದಾಗ ಆ ಪಟ್ಟಿಯ ಸಂದಿನಿಂದ ಚರಂಡಿ ನೀರು ಒಳಗೆ ಹೋಗುವುದನ್ನು ತಡೆಯುವವರು ಯಾರು?

ಹಿಮ ಬೀಳುವ ದೇಶಗಳಲ್ಲಿ ಕುದುರೆ ಸಾಕುವವರಿಗೂ ಇದೇ ತೊಂದರೆ, ಬೇರೆ ವೇಷದಲ್ಲಿ. ಅಲ್ಲಿ ಲಾಯದ ಅಂಗಳದ ನಲ್ಲಿಯೊಳಗೆ ನೀರು ನಿಂತರೆ ಹೆಪ್ಪುಗಟ್ಟಿ ಕೊಳವೆಯನ್ನೇ ಸೀಳುತ್ತದೆ. ಆದುದರಿಂದ ಹಿಡಿ ಮೇಲಿದ್ದರೂ ವಾಲ್ವನ್ನು ನೆಲದೊಳಗೆ, ಚಳಿ ತಲುಪದ ಆಳದಲ್ಲಿ ಇಡುತ್ತಾರೆ. ಮುಚ್ಚಿದೊಡನೆ ಮೇಲಿನ ಕೊಳವೆಯಲ್ಲಿ ಉಳಿದ ನೀರು ಬುಡದ ಒಂದು ಸಣ್ಣ ರಂಧ್ರದಿಂದ ಜಲ್ಲಿಯೊಳಗೆ ಇಳಿದು ಹೋಗುತ್ತದೆ. ಹಿಡಿಯನ್ನು ಅರ್ಧ ಮಾತ್ರ ಎತ್ತಿದರೆ ಆ ರಂಧ್ರ ಪೂರ್ತಿ ಮುಚ್ಚದೆ, ನೀರು ನೆಲದೊಳಗೇ ಸೋರಿ ಬುಡ ಕುಸಿಯುತ್ತದೆ. ರಬ್ಬರು ಪೈಪನ್ನು ತೆಗೆಯದೆ ಬಿಟ್ಟರೆ ಒಳಗಿನ ನೀರು ಇಳಿಯದೆ ಹೆಪ್ಪುಗಟ್ಟುತ್ತದೆ. ಕುದುರೆಯೂ ದಿನಕ್ಕೆ 30, 40 ಲೀಟರು ಕುಡಿಯುವ ಪ್ರಾಣಿ. ನೀರು ಕಡಿಮೆಯಾದರೆ ಹೊಟ್ಟೆಶೂಲೆ ಬರುವ ಭಯ. ನಮಗೆ ಹಿಮದ ಕಾಟವಿಲ್ಲ. ಆದರೆ ಅವರ ಜಲ್ಲಿಯ ಪದ್ಧತಿ ನಮಗೂ ಬೇಕು. ನಲ್ಲಿಯ ಬುಡದಲ್ಲಿ ಒಂದು ಮೊಳ ಆಳ ಅಗೆದು ದಪ್ಪ ಜಲ್ಲಿ ತುಂಬಿ, ಸುತ್ತ ಚಪ್ಪಡಿ ಹಾಸಿ, ಚೆಲ್ಲಿದ ನೀರು ದೂರದ ತೆಂಗಿನ ಗಿಡಕ್ಕೋ ಇಂಗುಗುಂಡಿಗೋ ಹರಿಯುವಂತೆ ಕಾಲುವೆ ಮಾಡಿ. ಕೆಸರು ನಿಂತ ಜಾಗದಲ್ಲಿ ದನಗಳ ಗೊರಸು ಕೊಳೆಯುತ್ತದೆ, ಸೊಳ್ಳೆಯೂ ಹೆಚ್ಚುತ್ತದೆ.

ಕೆಲವು ತೊಟ್ಟಿಗಳಲ್ಲಿ ನೀರು ತುಂಬಿದೊಡನೆ ತಾನೇ ನಿಲ್ಲುವ ತೇಲುಗುಂಡಿನ ವಾಲ್ವು ಹಾಕಿದ್ದಾರೆ. ತೊಟ್ಟಿ ತುಂಬಿ ಹರಿಯುತ್ತಲೇ ಇದ್ದರೆ ಗುಂಡನ್ನು ಕೈಯಲ್ಲಿ ಮೇಲಕ್ಕೆತ್ತಿ ನೋಡಿ. ಎತ್ತಿದಾಗ ನೀರು ನಿಂತರೆ ವಾಲ್ವು ಸರಿಯಿದೆ, ಗುಂಡಿನಲ್ಲಿ ದೋಷ; ಅಲ್ಲಾಡಿಸಿದರೆ ಒಳಗೆ ನೀರಿನ ಶಬ್ದ ಕೇಳುತ್ತದೆ. ಎತ್ತಿದರೂ ನಿಲ್ಲದಿದ್ದರೆ ಅದರ ವಾಷರು ಹೋಗಿದೆ, ಇಲ್ಲವೇ ಕಸ ಸಿಕ್ಕಿದೆ. ಈ ವಾಲ್ವನ್ನು ದನದ ಮೂತಿಗೆ ಸಿಕ್ಕುವಂತೆ ಇಟ್ಟರೆ ಒಂದು ತಿಂಗಳೂ ಬಾಳುವುದಿಲ್ಲ. ತೊಟ್ಟಿಯ ಒಂದು ಮೂಲೆಗೆ ಅಡ್ಡಗೋಡೆ ಹಾಕಿ, ಬುಡದಲ್ಲಿ ನೀರು ಹೋಗಲು ಕಿಂಡಿ ಬಿಟ್ಟು, ಮೇಲೆ ಚಪ್ಪಡಿ ಮುಚ್ಚಿ. ಇದರ ಮೂತಿಯೂ ಅಂಚಿಗಿಂತ ಮೇಲೆಯೇ ಇರಬೇಕು.

ದುರಸ್ತಿ ಮುಗಿದ ಮೇಲೆ ಕೂಡಲೇ ಕೊಡ ಹಿಡಿಯಬೇಡಿ. ಕೊಳವೆ ಬಿಚ್ಚಿದಾಗ ಮಣ್ಣು ಹೋಗಿರುತ್ತದೆ. ನೀರು ತಿಳಿಯಾಗುವವರೆಗೆ ಹರಿಯಬಿಟ್ಟು, ಅದನ್ನು ಗಿಡಗಳಿಗೆ ಹಾಯಿಸಿ. ಆಮೇಲೆ ಟ್ಯಾಂಕಿಗೆ ಕ್ಲೋರಿನ್ ಹಾಕಿ, ಎಲ್ಲಕ್ಕಿಂತ ದೂರದ ನಲ್ಲಿಯ ನೀರನ್ನು ಪರೀಕ್ಷೆ ಮಾಡಿಸಿ. ಲೀಟರಿಗೆ ಕಡೆಯಪಕ್ಷ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷಾ ಪೆಟ್ಟಿಗೆಯನ್ನು ಉಪಯೋಗಿಸಲು ತರಬೇತಿ ಪಡೆದ ಹೆಣ್ಣುಮಕ್ಕಳು ಅನೇಕ ಊರುಗಳಲ್ಲಿದ್ದಾರೆ. ಅವರನ್ನು ಕರೆಯದೆ ದುರಸ್ತಿ ಮುಗಿಯಿತೆಂದು ಬರೆಯಬೇಡಿ. ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ ಪಾಚಿ ಉಜ್ಜಿ ತೊಳೆಯಿರಿ. ಒಣಗಿದ ಮೇಲೆ ಒಳಗೆ ಸುಣ್ಣ ಬಳಿಯುವ ಹಳೆಯ ರೂಢಿ ಒಳ್ಳೆಯದು. ಕಾಲುಬಾಯಿ ಜ್ವರ ಬಂದ ದನವನ್ನು ಊರ ತೊಟ್ಟಿಗೆ ಬಿಡದೆ ಮನೆಯಲ್ಲೇ ಬೇರೆ ಬಾನಿಯಲ್ಲಿ ನೀರು ಕುಡಿಸಿ.

ಈ ಕೆಲಸವನ್ನೆಲ್ಲ ನೀರುಗಂಟಿ ಒಬ್ಬರೇ ನೋಡಿಕೊಳ್ಳಲೆಂದು ಬಿಡುವುದು ಅನ್ಯಾಯ. ಅವರಿಗೆ ಪಂಪು, ಟ್ಯಾಂಕು, ಬಿಲ್ಲು, ಬೈಗುಳ ಎಲ್ಲವೂ ಇವೆ. ಬೀದಿಗೆ ಇಬ್ಬರಂತೆ ವಾಷರು ಬದಲಿಸಬಲ್ಲವರು ಊರಿನಲ್ಲಿರಬೇಕು. ಅವರಲ್ಲಿ ಒಬ್ಬರಾದರೂ ಹೆಂಗಸರಾಗಿರಲಿ, ನಲ್ಲಿ ಕೆಟ್ಟದ್ದು ಮೊದಲು ತಿಳಿಯುವುದು ಅವರಿಗೆ. ಒಂದು ಚೀಲದಲ್ಲಿ ಎರಡು ಸ್ಪಾನರು, ಒಂದು ಪೈಪ್ ರೆಂಚು, ತಿರುಪುಳಿ, ತಂತಿ ಬ್ರಷ್ಷು, ವಾಷರು, ನೂಲು, ಮರೆಗೆ ಸುತ್ತುವ ಟೇಪು, ಒಂದು ಹೊಸ ನಲ್ಲಿ ಇಟ್ಟು ಪಂಚಾಯಿತಿ ಕಚೇರಿಯಲ್ಲಿ ತೂಗುಹಾಕಿ. ಬೀಗ ಹಾಕುವ ಬೀರುವಿನಲ್ಲಿ ಬೇಡ. ನಲ್ಲಿ ಮುರಿಯುವುದು ಯಾವಾಗಲೂ ಭಾನುವಾರ ಸಂಜೆ.

ಮಾತು ಸಾಕು. ಇಲ್ಲಿಯ ತೊಟ್ಟಿಯ ನಲ್ಲಿ ಮುಚ್ಚಿದರೂ ತೊಟ್ಟಿಕ್ಕುತ್ತಿರುವುದನ್ನು ಬರುವಾಗ ನೋಡಿದೆ. ವಾಲ್ವು ಬೇವಿನ ಮರದ ಪಕ್ಕದ ಚಪ್ಪಡಿಯ ಕೆಳಗಿದೆ, ಮುಚ್ಚುತ್ತದೆ ಕೂಡ. ಸಭೆಗೆ ಮುಂಚೆ ನೀರುಗಂಟಿಯವರೂ ನಾನೂ ತಿರುಗಿಸಿ ನೋಡಿಕೊಂಡಿದ್ದೇವೆ. ಬಿಚ್ಚುವವರು ನಾನಲ್ಲ, ಈ ಊರಿನವರು ಇಬ್ಬರು. ಯಾರು ಬರುತ್ತೀರಿ, ಮುಂದೆ ಬನ್ನಿ. ದನಗಳು ಮನೆಗೆ ಬರಲು ಇನ್ನೂ ಒಂದು ಗಂಟೆಯಿದೆ.